ಮನೆಯ ಮಾತು: ಮಕ್ಕಳ ಹಟವೂ ಹಿರಿಯರ ತಾಳ್ಮೆಯೂ



ಹೋದ ತಿಂಗಳು ಇದೇ ಪುಟದಲ್ಲಿ ಮಕ್ಕಳ ಅಕ್ಷರಾಭ್ಯಾಸವನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿ ರೋಣದ ಕಡೆಯ ಒಬ್ಬ ಗೃಹಿಣಿಯು ನನಗೊಂದು ಪತ್ರವನ್ನು ಬರೆದಿರುವರು. ಅದರ ಸಾರವಿಷ್ಟು: “ಮಾಸ್ತರೇ, ಅಕ್ಷರದ ಮಾತು ಮುಂದಿನದು. ನನ್ನ ಮಗನಿಗೆ ಈಗ ಮೂರು ವರ್ಷ. ಸಂತೆಯ ನಡುವೆ ನೆಲಕ್ಕೆ ಬಿದ್ದು ಹೊರಳುತ್ತಾನೆ, ಕಿರುಚುತ್ತಾನೆ, ಎತ್ತಲು ಹೋದರೆ ಒದೆಯುತ್ತಾನೆ. ಜನರೆಲ್ಲ ಅವನನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಾರೆ. ಮನೆಗೆ ಬಂದು ಎರಡು ಏಟು ಹಾಕಿದರೆ ಅತ್ತೆಯವರು ‘ಕೂಸಿಗೆ ಯಾಕ ಹೊಡೀತೀಯವಾ’ ಎನ್ನುತ್ತಾರೆ; ಹಾಕದಿದ್ದರೆ ಮಾವನವರು ‘ನೀನ ಕೆಡಿಸಿಟ್ಟಿ’ ಎನ್ನುತ್ತಾರೆ. ರಾತ್ರಿ ಅವನು ಮಲಗಿದ ಮೇಲೆ ಅವನ ಕೆನ್ನೆಯನ್ನು ನೋಡುತ್ತ ನಾನು ಅಳುತ್ತೇನೆ. ನಾನು ಕೆಟ್ಟ ತಾಯಿಯೇನು?”

ಈ ಕೊನೆಯ ಪ್ರಶ್ನೆಯ ದೆಸೆಯಿಂದ ಪತ್ರವು ನಾಲ್ಕು ದಿನ ನನ್ನ ಮೇಜಿನ ಮೇಲೆಯೇ ಬಿದ್ದುಕೊಂಡಿತ್ತು. ಉತ್ತರವು ತೋಚದೆ ಅಲ್ಲ. ಉತ್ತರ ಹೇಳುವ ಅಧಿಕಾರವು ನನಗೆ ಎಷ್ಟರ ಮಟ್ಟಿಗೆ ಇರುವದೆಂಬ ಸಂಶಯದಿಂದ. ಅದೇಕೆಂಬುದನ್ನು ಮುಂದೆ ಹೇಳುವೆನು.

ಮೊದಲು ಕೂಸಿನ ಪಕ್ಷವನ್ನು ವಿಚಾರಿಸೋಣ. ಒಂದು ವರ್ಷದಿಂದ ನಾಲ್ಕು ವರ್ಷದ ವರೆಗಿನ ಮಕ್ಕಳು ಹೀಗೆ ರಚ್ಚೆ ಹಿಡಿಯುವದು ಎಲ್ಲ ದೇಶಗಳಲ್ಲಿಯೂ ಉಂಟು; ಅದು ರೋಣದ ಕೂಸಿನ ದೋಷವಲ್ಲ, ತಾಯಿಯ ಸಾಕಣೆಯ ದೋಷವೂ ಅಲ್ಲ. ಆ ವಯಸ್ಸಿನಲ್ಲಿ ಬಯಕೆಗಳು ದೊಡ್ಡವು, ಮಾತುಗಳು ಕೆಲವೇ. ಬೇಕಾದುದನ್ನು ಹೇಳಲು ಬಾಯಿ ಸಾಲದಿದ್ದಾಗ ಕೂಸು ಕೈಕಾಲುಗಳಿಂದ ಹೇಳುವದು. ಸಿಟ್ಟನ್ನು ತಡೆದು ಹಿಡಿಯುವ ಶಕ್ತಿಯು ಮಿದುಳಿನ ಮುಂಭಾಗಕ್ಕೆ ಸೇರಿದ್ದೆಂದೂ, ಆ ಭಾಗವು ಪೂರ್ಣವಾಗಿ ಬಲಿಯುವದು ಮನುಷ್ಯನಿಗೆ ಇಪ್ಪತ್ತು ವರ್ಷ ದಾಟಿದ ಮೇಲೆಯೇ ಎಂದೂ ಇಂದಿನ ಶಾಸ್ತ್ರಜ್ಞರು ಕಂಡುಕೊಂಡಿರುವರು. ಹೀಗಿರಲು, ಅರವತ್ತು ವರ್ಷದ ನನಗೇ ಬಸ್ಸು ತಡವಾದರೆ ಇರದ ಸಮಾಧಾನವನ್ನು ಮೂರು ವರ್ಷದ ಕೂಸಿನಿಂದ ನಾವು ಅಪೇಕ್ಷಿಸುವೆವಲ್ಲ, ಇದಕ್ಕೆ ಏನೆನ್ನಬೇಕು!

ಇಷ್ಟೇ ಅಲ್ಲ. ಕೂಸು ಸಂತೆಗೆ ಹೋಗುವದು ಎಷ್ಟು ಹೊತ್ತಿಗೆ? ಮಧ್ಯಾಹ್ನದ ಬಿಸಿಲಿನಲ್ಲಿ, ಅದರ ನಿದ್ದೆಯ ಹೊತ್ತಿನಲ್ಲಿ, ಉಂಡ ರೊಟ್ಟಿ ಅರಗಿ ಹೋದ ಮೇಲೆ. ಸುತ್ತಲೂ ಕೂಗು, ನೂಕುನುಗ್ಗಲು, ಕಣ್ಣೆದುರಿಗೆ ಬಣ್ಣಬಣ್ಣದ ಆಟಿಗೆ. ನಮ್ಮ ಅಜ್ಜಿಯರು ಅಳುವ ಕೂಸನ್ನು ಕಂಡೊಡನೆ ಮೊದಲು ಹೊಟ್ಟೆಯನ್ನು ಮುಟ್ಟಿ ನೋಡುತ್ತಿದ್ದರು, ಆಮೇಲೆ ಹಣೆಯನ್ನು, ಆಮೇಲೆ ಕಣ್ಣನ್ನು. ಹಸಿವೋ, ಜ್ವರವೋ, ನಿದ್ದೆಯೋ? ಈ ಮೂರೂ ಅಲ್ಲವೆಂದು ಗೊತ್ತಾದ ಮೇಲೆ ಮಾತ್ರ ಅವರು ಅದಕ್ಕೆ ಹಟವೆಂಬ ಹೆಸರನ್ನು ಕೊಡುತ್ತಿದ್ದರು. ನಾವು ಮೊದಲು ಹೆಸರು ಕೊಡುತ್ತೇವೆ. ಇಲ್ಲವೆ ಕೈಗೆ ಮೊಬೈಲ್ ಕೊಡುತ್ತೇವೆ. ಕೊಟ್ಟ ಕ್ಷಣಕ್ಕೆ ಕೂಸು ಸುಮ್ಮನಾಗುವದು ನಿಜ. ಆದರೆ ಮರುದಿನ ಅದೇ ಮೊಬೈಲ್ ಸಲುವಾಗಿ ಹೊಸದೊಂದು ಹಟವು ಹುಟ್ಟುವದು. ಈ ವಿಷಯವನ್ನು ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳುವೆನು, ಸಿಟ್ಟು ಬಹಳ ಬರುವದು.

ಹಟವು ಏರಿದಾಗ ಮಾಡತಕ್ಕದ್ದು ಸ್ವಲ್ಪವೇ. ಕೂಸಿಗೆ ಪೆಟ್ಟಾಗದಂತೆ ನೋಡಿಕೊಂಡು ಮಗ್ಗುಲಲ್ಲಿ ಕುಳಿತುಕೊಳ್ಳಬೇಕು. ಬೇಡವೆಂದ ವಸ್ತುವನ್ನು ಅಳುವಿಗೆ ಅಂಜಿ ಕೊಡಬಾರದು. ಹಾಗೆ ಕೊಟ್ಟರೆ ಅಳುವದೇ ವ್ಯಾಪಾರವೆಂದು ಅದು ಕಲಿಯುವದು. ಉಪದೇಶವನ್ನಂತೂ ಆಗ ಮಾಡಲೇಬಾರದು. ನಮ್ಮ ಎರೆಯ ಹೊಲವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಮರುದಿನ ಎರೆಯಲ್ಲಿ ಎತ್ತುಗಳನ್ನು ಇಳಿಸುವವನು ಯಾರು? ಇಳಿಸಿದರೆ ಎತ್ತಿನ ಕಾಲು ಹೂಳುವದು, ಕುಂಟೆಗೆ ಮಣ್ಣು ಮೆತ್ತುವದು, ಹೊಲವೂ ಕೆಡುವದು. ಹಾಗೆಂದು ಬಿಸಿಲಿಗೆ ಬಿರುಕು ಬಿಡುವ ವರೆಗೆ ಸುಮ್ಮನೆ ಕುಳಿತರೆ ಕೈಗೆ ಸಿಕ್ಕುವದು ಹೆಂಟೆಯೇ. ನಡುವೆ ಹದವೆಂಬುದು ಒಂದುಂಟು. ಒಕ್ಕಲಿಗನು ದಿನವೂ ಹೋಗಿ ಹಿಡಿಮಣ್ಣನ್ನು ಕೈಯಲ್ಲಿ ಹಿಚುಕಿ ನೋಡಿ ಬರುವನು. ಅತ್ತು ಅತ್ತು ದಣಿದ ಕೂಸು ತಾನಾಗಿ ತಾಯಿಯ ಸೆರಗನ್ನು ಹಿಡಿಯುವ ಹೊತ್ತೊಂದು ಬರುವದು. ಆಗ ಎರಡು ಮಾತು ಹೇಳಿದರೆ ಇಳಿಯುವವು. ಎರಡೇ. ಹತ್ತಾದರೆ ಮತ್ತೆ ಕೆಸರು.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ” ಎಂದು ಮಾವನವರು ಹೇಳಬಹುದು. ಸಂಸ್ಕೃತ ಬಲ್ಲ ನೆರೆಯವರಿದ್ದರೆ ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, ಹದಿನಾರಕ್ಕೆ ಮಿತ್ರನೆಂದು ತಿಳಿ ಎಂಬರ್ಥದ ಪ್ರಸಿದ್ಧ ಸುಭಾಷಿತವನ್ನೂ ಒಪ್ಪಿಸುವರು. ಈ ಸುಭಾಷಿತವನ್ನು ನಾನು ಹತ್ತಾರು ಪಾಲಕರ ಬಾಯಿಂದ ಕೇಳಿರುವೆನು. ಎಲ್ಲರೂ ನಡುವಣ ತುಂಡನ್ನೇ ಒತ್ತಿ ಹೇಳುವರು. ಮೊದಲನೆಯ ತುಂಡಿನ ಮೇರೆಗೆ ಪತ್ರದ ಕೂಸಿಗೆ ಇನ್ನೂ ಎರಡು ವರ್ಷ ಬರಿಯ ಮುದ್ದೇ ಸಲ್ಲತಕ್ಕದ್ದೆಂಬುದನ್ನು ಯಾರೂ ಲೆಕ್ಕ ಹಾಕುವದಿಲ್ಲ. ಇನ್ನು ಆ ಹತ್ತು ವರ್ಷಗಳ ಮಾತು. ಹಳೆಯ ಶಾಸ್ತ್ರಗಳು ಬೆತ್ತವನ್ನು ಕಣ್ಣುಮುಚ್ಚಿ ಗುರುವಿನ ಕೈಗೆ ಒಪ್ಪಿಸಿದವೆಂದು ತಿಳಿಯುವದು ತಪ್ಪು. ಗೌತಮನ ಧರ್ಮಸೂತ್ರವು ಶಿಷ್ಯನನ್ನು ಹೊಡೆಯದೆಯೇ ತಿದ್ದಬೇಕೆಂದು ವಿಧಿಸುವದು. ಅದು ಸಾಧ್ಯವೇ ಆಗದಿದ್ದರೆ ತೆಳ್ಳಗಿನ ಹಗ್ಗವನ್ನೋ ಸೀಳಿದ ಬಿದಿರನ್ನೋ ಬಳಸಬಹುದೆನ್ನುವದು. ಬೇರೆ ಯಾವುದರಿಂದ ಹೊಡೆದರೂ ಅರಸನು ಆ ಗುರುವನ್ನೇ ದಂಡಿಸಬೇಕೆನ್ನುವದು. ಮನುವೂ ತಲೆಗೆ ಹೊಡೆಯಕೂಡದೆಂದಿರುವನು. ಹಾಗೆ ಹೊಡೆದವನು ಕಳ್ಳನಷ್ಟೇ ದೋಷಿಯಂತೆ. ನಮ್ಮ ಕಾಲದಲ್ಲಿ ೨೦೦೯ನೆಯ ಇಸವಿಯ ಶಿಕ್ಷಣ ಹಕ್ಕಿನ ಕಾಯಿದೆಯು ತನ್ನ ೧೭ನೆಯ ಕಲಮಿನಲ್ಲಿ ಆ ಹಗ್ಗವನ್ನೂ ಬಿದಿರನ್ನೂ ಗುರುವಿನ ಕೈಯಿಂದ ಕಸಿದುಕೊಂಡಿತು. ಹೊಡೆತವಷ್ಟೇ ಅಲ್ಲ, ಮಗುವಿನ ಮನಸ್ಸನ್ನು ನೋಯಿಸುವದನ್ನೂ ಅದು ನಿಷೇಧಿಸಿದೆ. ಕಾಯಿದೆಯು ಶಾಲೆಯ ಬಾಗಿಲಿನ ಒಳಗಿನದು. ಮನೆಯ ಬಾಗಿಲಿಗೆ ಬಂದರೆ ಅಲ್ಲಿ ನಮ್ಮ ವಿವೇಕವೊಂದೇ.

ಭಾಗವತದ ದಶಮಸ್ಕಂಧದಲ್ಲಿ ಯಶೋದೆಯು ಕೃಷ್ಣನನ್ನು ಒರಳಿಗೆ ಕಟ್ಟಿದ ಕಥೆಯನ್ನು ಎಲ್ಲರೂ ಬಲ್ಲರು. ಹಗ್ಗಕ್ಕೆ ಹಗ್ಗ ಸೇರಿಸಿದರೂ ಎರಡು ಬೆರಳಷ್ಟು ಸಾಲದೇ ಹೋದದ್ದನ್ನೂ ಬಲ್ಲರು. ಅದಕ್ಕಿಂತ ಮುಂಚಿನ ಒಂದು ಸಣ್ಣ ಸಂಗತಿಯನ್ನು ಮಾತ್ರ ಪುರಾಣಿಕರೂ ಓಡಿಸಿಕೊಂಡು ಹೋಗುವದುಂಟು. ಮೊಸರಿನ ಗಡಿಗೆ ಒಡೆದಿರುವದು, ಬೆಣ್ಣೆ ಮಂಗಗಳ ಪಾಲಾಗಿರುವದು, ತಾಯಿಯು ಕೋಲು ಹಿಡಿದು ಬೆನ್ನಟ್ಟಿ ಮಗನನ್ನು ಹಿಡಿದಿರುವಳು. ಅವನ ಕಣ್ಣಿನಲ್ಲಿ ಅಂಜಿಕೆಯನ್ನು ಕಂಡೊಡನೆ ಆಕೆ ಕೋಲನ್ನು ಎಸೆದುಬಿಡುವಳು. ಶಿಕ್ಷೆಯನ್ನು ಬಿಡಲಿಲ್ಲ ಎಂಬುದನ್ನು ಗಮನಿಸಿರಿ. ಕೋಲನ್ನು ಬಿಟ್ಟಳು.

ನಾನು ಬಿಡಲಿಲ್ಲ. ಈಗ ನನ್ನ ಮಾತಿಗೆ ಬರುವೆನು.

ಇದು ಸುಮಾರು ಇಪ್ಪತ್ತೆಂಟು ವರ್ಷಗಳ ಹಿಂದಿನದು. ಆಗ ನಾವು ನರಗುಂದದಲ್ಲಿ, ಗುಡ್ಡದ ಕೆಳಗೆ ಒಂದು ಬಾಡಿಗೆಯ ಮನೆಯಲ್ಲಿದ್ದೆವು. ನನ್ನ ಮಗನಿಗೆ ನಾಲ್ಕು ವರ್ಷ. ಮೂರು ದಿನಗಳಿಂದ ಅವನದು ಒಂದೇ ಗೋಳು. ಉಣ್ಣಲೊಲ್ಲ, ಮಲಗಲೊಲ್ಲ, ತಲೆ ಬಾಚಲು ಹೋದರೆ ಕೂಗಿಕೊಳ್ಳುವನು. ನನ್ನ ಹೆಂಡತಿಯು, “ನೋಡ್ರಿ, ಕೂಸು ಸುಳ್ಳ ಹಟಾ ಮಾಡಲಿಕ್ಕತ್ತಿಲ್ಲ, ಅದಕ್ಕ ಏನೋ ಆಗೇದ” ಎಂದಳು. ನನಗೆ ಪರೀಕ್ಷೆಯ ಉತ್ತರಪತ್ರಿಕೆಗಳ ಅವಸರ. ರಾತ್ರಿ ಪಡಸಾಲೆಯಲ್ಲಿ ಕುಳಿತು ತಿದ್ದುತ್ತಿದ್ದಾಗ ಅವನು ಅಳುತ್ತಲೇ ಬಂದು ನನ್ನ ಮೈಮೇಲೆ ಬಿದ್ದನು. ಕೆಂಪು ಮಸಿಯ ದೌತಿ ಉರುಳಿ ಪತ್ರಿಕೆಗಳ ಮೇಲೆಲ್ಲ ಹರಿಯಿತು. ನಾನು ಅವನ ಕೆನ್ನೆಗೆ ಹೊಡೆದೆನು. ಕೆನ್ನೆಗೆಂದು ಎತ್ತಿದ ಕೈ ಕಿವಿಯನ್ನೂ ತಾಗಿತು.

ನಡುರಾತ್ರಿಯಲ್ಲಿ ಅವನಿಗೆ ಜ್ವರವೇರಿತು. ಬೆಳಗಿನ ಜಾವಕ್ಕೆ ಹಾಸಿಗೆಯ ಮೇಲೆ ಕಿವಿಯಿಂದ ಸೋರಿದ ಕೀವು ಕಾಣಿಸಿತು. ಕಿವಿಯೊಳಗೆ ಮೂರುನಾಲ್ಕು ದಿನಗಳಿಂದ ಬಾವು ಬಂದಿದ್ದಿರಬೇಕು, ಇಷ್ಟು ಸಣ್ಣ ಮಕ್ಕಳಿಗೆ ನೋವು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಬಾರದು ಎಂದು ವೈದ್ಯರು ಹೇಳಿದರು. ಹೊಡೆದ ಸಂಗತಿಯನ್ನು ನಾನು ಅವರಿಗೆ ಹೇಳಲಿಲ್ಲ. ಔಷಧದಿಂದ ಕಿವಿ ವಾಸಿಯಾಯಿತು, ಕೇಳುವದಕ್ಕೆ ಏನೂ ಕುಂದಾಗಲಿಲ್ಲ. ಆದರೆ ಮೂರು ದಿನ ಅವನು ಹಟ ಮಾಡಿರಲಿಲ್ಲ, ನಮ್ಮ ಸಹಾಯವನ್ನು ಬೇಡುತ್ತಿದ್ದನು. ಆ ರಾತ್ರಿ ನನ್ನ ಮೈಮೇಲೆ ಬಂದು ಬಿದ್ದದ್ದೂ ಅದಕ್ಕೇ.

ಪ್ರಾಮಾಣಿಕವಾಗಿ ಹೇಳುವದಾದರೆ ಅದೇ ಕೊನೆಯ ಏಟೂ ಆಗಲಿಲ್ಲ. ಮನುಷ್ಯನು ಒಂದೇ ಪಾಠಕ್ಕೆ ಕಲಿಯುವ ಪ್ರಾಣಿಯಲ್ಲ. ನಾಲ್ಕು ವರ್ಷದ ಮೇಲೆ ನನಗೆ ಗಜೇಂದ್ರಗಡಕ್ಕೆ ವರ್ಗವಾಯಿತು. ಅಲ್ಲಿ ಹುಡುಗನು ಒಂದು ದಿನ ಬೇವಿನ ಗಿಡದಿಂದ ಬಿದ್ದು ಬಂದನು. ಬಂದವನು ಹಿತ್ತಲ ಬಾಗಿಲಿನಿಂದ ಒಳಹೊಕ್ಕು ತಾಯಿಗೆ ಮೆಲ್ಲಗೆ, “ಅವ್ವಾ, ಅಪ್ಪಗ ಹೇಳಬ್ಯಾಡ” ಎಂದನು. ಪಡಸಾಲೆಯಲ್ಲಿದ್ದ ನನಗೆ ಕೇಳಿಸಿತು. ಏನೋ ಸಣ್ಣ ಚೇಷ್ಟೆಯಿರಬೇಕೆಂದು ಸುಮ್ಮನಿದ್ದೆನು. ಅಂದು ರಾತ್ರಿ ಅವನು ಎಡಗೈಯಿಂದ ಉಂಡನು, ನಾನು ಅದಕ್ಕೂ ಗದರಿಸಿದೆನು. ಮರುದಿನ ಮಣಿಕಟ್ಟು ಬಾತು ಬಂದಾಗಲೇ ಎಲುಬು ಮುರಿದದ್ದು ಗೊತ್ತಾಯಿತು. ಒಂದು ಇಡೀ ರಾತ್ರಿ ಆ ಹುಡುಗನು ಮುರಿದ ಕೈಯ ನೋವನ್ನು ನನ್ನ ಸಿಟ್ಟಿಗಿಂತ ಹಗುರೆಂದು ತೂಗಿ ಸಹಿಸಿದ್ದನು.

ಅದೇ ವರ್ಷ ನಮ್ಮ ನೆರೆಯಲ್ಲಿ ಒಬ್ಬ ನೇಕಾರರ ಮನೆಯಿತ್ತು. ಗಜೇಂದ್ರಗಡದಲ್ಲಿ ಮಗ್ಗದ ಸಪ್ಪಳ ಕೇಳದ ಓಣಿ ಆಗ ವಿರಳವಾಗಿತ್ತು. ಗುಡ್ಡದ ಮೇಲೆ ಈಗ ತಿರುಗುವ ಗಾಳಿಯಂತ್ರಗಳು ಇನ್ನೂ ಬಂದಿರಲಿಲ್ಲ. ನೇಕಾರರು ಉಣ್ಣಲು ಎದ್ದ ಹೊತ್ತಿನಲ್ಲಿ ಅವರ ಮೂರು ವರ್ಷದ ಮಗಳು ಕುಣಿಯಲ್ಲಿಳಿದು ಹಾಸಿನ ಎಳೆಗಳನ್ನು ಹಿಡಿಹಿಡಿಯಾಗಿ ಜಗ್ಗಿಬಿಟ್ಟಳು. ಎಷ್ಟೋ ಎಳೆಗಳು ಹರಿದವು. ನಾನು ಏನೋ ಕೇಳಲು ಹೋದವನು ಬಾಗಿಲಲ್ಲೇ ನಿಂತೆನು. ಇನ್ನೇನು ಹುಡುಗಿಗೆ ಏಟು ಬೀಳುವದೆಂದು ನನ್ನ ಮುಖವೇ ಬಿಗಿಯಿತು. ನೇಕಾರರು ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. ಆಮೇಲೆ ಮಗಳನ್ನು ಎತ್ತಿ ಆಚೆ ಕುಳ್ಳಿರಿಸಿ, ಹಾಳುನೂಲಿನ ಒಂದು ಕಂಡಿಕೆಯನ್ನು ಕೈಗೆ ಕೊಟ್ಟು, “ಇದು ನಿಂದು, ಅದು ಅಪ್ಪಂದು” ಎಂದರು. ಬಳಿಕ ಕುಣಿಯಲ್ಲಿಳಿದು ಒಂದೊಂದೇ ಎಳೆಯ ತುದಿ ಹುಡುಕಿ ಕೂಡಿಸತೊಡಗಿದರು. ಸಂಜೆಯ ವರೆಗೆ ಅದೇ ಕೆಲಸ. ಅರ್ಧ ದಿನದ ಕೂಲಿ ಹೋಯಿತು. ನಾನು ತಡೆಯಲಾರದೆ, ಸಿಟ್ಟು ಬರಲಿಲ್ಲವೇ ಎಂದು ಕೇಳಿದೆನು. “ಬಂತ್ರೀ ಮಾಸ್ತರ, ಯಾಕ ಬರೂದುಲ್ಲ? ಆದರ ಅದಕ್ಕೇನ ಗೊತ್ತರೀ, ನಾ ದಿನಾ ಜಗ್ಗೂದು ನೋಡಿ ತಾನೂ ಜಗ್ಗೇತಿ” ಎಂದರು. ಅವರು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ನಾನು ಶಿಕ್ಷಕನ ತರಬೇತಿಯಲ್ಲಿ ಬಾಲಮನಶ್ಶಾಸ್ತ್ರದ ಪರೀಕ್ಷೆಯನ್ನು ಚೆನ್ನಾಗಿ ಪಾಸು ಮಾಡಿದವನು.

ನಮ್ಮ ಸೀಮೆಯ ಇನ್ನೊಬ್ಬ ಮಾಸ್ತರರ ಮಾತನ್ನು ಇಲ್ಲಿ ನೆನೆಯಲೇಬೇಕು. ಗುರುರಾಜ ಜೋಶಿಯವರೆಂದು ಅವರ ಹೆಸರು. ಅವರ ಹಿರಿಯ ಮಗನು ೧೯೨೨ನೆಯ ಇಸವಿಯ ಫೆಬ್ರುವರಿ ೪ರಂದು ರೋಣದಲ್ಲಿ ಹುಟ್ಟಿದನು. ಆ ಹುಡುಗನ ಉಪಟಳ ಬೇರೊಂದು ತರದ್ದು. ಬೀದಿಯಲ್ಲಿ ಭಜನೆಯಾಗಲಿ ಮೆರವಣಿಗೆಯ ವಾದ್ಯವಾಗಲಿ ಕೇಳಿಸಿದರೆ ಸಾಕು, ಅದರ ಬೆನ್ನು ಹತ್ತಿ ಹೋಗಿಬಿಡುವನು. ದಣಿದಲ್ಲಿ ಮಲಗಿ ನಿದ್ದೆ ಮಾಡುವನು. ಮನೆಯವರು ಊರೆಲ್ಲ ಹುಡುಕಬೇಕು, ಪೋಲೀಸರಿಗೂ ತಿಳಿಸಬೇಕು. ಇದು ಒಂದು ದಿನದ್ದಲ್ಲ. ಯಾವ ತಂದೆಗಾದರೂ ಹುಡುಗನನ್ನು ಕಂಬಕ್ಕೆ ಕಟ್ಟಬೇಕೆನಿಸೀತು. ಜೋಶಿ ಮಾಸ್ತರರು ಬೇಸತ್ತು ಒಂದು ಉಪಾಯ ಮಾಡಿದರೆಂದು ಹೇಳುವರು: ಹುಡುಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರು. ಅಲ್ಲಿಂದ ಮುಂದೆ, ಎಲ್ಲಿಯೋ ಮಲಗಿದ್ದ ಹುಡುಗನನ್ನು ಕಂಡವರು ಅಂಗಿಯನ್ನು ಓದಿ ಮನೆಗೆ ತಂದು ಮುಟ್ಟಿಸತೊಡಗಿದರು.

ನಾನು ಈ ಕಥೆಯನ್ನು ಮೊದಲು ಕೇಳಿದಾಗ ನಕ್ಕೆನು. ಈಗ ನಗು ಬರುವದಿಲ್ಲ. ಮಗನು ಹೋಗುವದನ್ನು ತಡೆಯಲಾಗದೆಂದು ತಿಳಿದ ಆ ತಂದೆಯು, ಅವನು ತಿರುಗಿ ಬರುವದಕ್ಕೆ ದಾರಿ ಮಾಡಿಟ್ಟನು. ಅಂಗಿಯ ಮೇಲೆ ಬರೆದದ್ದು ಹುಡುಗನ ದೋಷವನ್ನಲ್ಲ, ಅವನು ಯಾರ ಮಗನೆಂಬುದನ್ನು.

ಆ ತಾಳ್ಮೆಗೆ ಕೂಡಲೆ ಫಲ ಬಂದಿತೆಂದು ತಿಳಿಯಬೇಡಿರಿ. ೧೯೩೩ರಲ್ಲಿ, ಹನ್ನೊಂದು ವರ್ಷದವನಿದ್ದಾಗ, ಆ ಹುಡುಗನು ಮನೆಯನ್ನೇ ಬಿಟ್ಟು ಹೋದನು. ಊಟದಲ್ಲಿ ಕೇಳಿದಷ್ಟು ತುಪ್ಪ ಬೀಳಲಿಲ್ಲವೆಂದು ಮುನಿದು ಹೋದನೆಂಬ ಮಾತು ಪ್ರಸಿದ್ಧವಾಗಿರುವದು. ಬಹಳ ಮಕ್ಕಳ ಮನೆ, ಮಾಸ್ತರರ ಸಂಬಳ. ಒಂದು ಮಿಳ್ಳೆ ತುಪ್ಪವೂ ಲೆಕ್ಕದ್ದೇ. ಆದರೆ ನಿಜವಾದ ಹಸಿವು ಸಂಗೀತದ್ದು. ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿದಂದಿನಿಂದ ಅದು ಹತ್ತಿಕೊಂಡಿತ್ತು. ಗುರುವನ್ನು ಹುಡುಕುತ್ತ ಅವನು ಗ್ವಾಲಿಯರ, ದಿಲ್ಲಿ, ಕಲಕತ್ತೆ, ಲಖನೌಗಳ ವರೆಗೆ ಅಲೆದನು. ತಂದೆಯು ಕೊನೆಗೆ ಅವನನ್ನು ಪಂಜಾಬದ ಜಾಲಂಧರದಲ್ಲಿ ಕಂಡು ಮನೆಗೆ ಕರೆತಂದರು. ಕರೆತಂದು ಏನು ಮಾಡಿದರು? ೧೯೩೬ರಲ್ಲಿ ಹುಡುಗನು ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದನು. ಯಾವುದರ ಬೆನ್ನು ಹತ್ತಿ ಮನೆ ಬಿಟ್ಟಿದ್ದನೋ ಅದನ್ನೇ ಮನೆಯ ಹತ್ತಿರದಲ್ಲಿ ಕಲಿಯಲು ಎಡೆಯಾಯಿತು. ಮುಂದೆ ಪಂಡಿತ ಭೀಮಸೇನ ಜೋಶಿಯವರು ಏನಾದರೆಂಬುದು ವಾಚಕರಿಗೆ ತಿಳಿದದ್ದೇ. ೨೦೦೮ರಲ್ಲಿ ಅವರಿಗೆ ಭಾರತರತ್ನವು ಸಂದಿತು, ೨೦೧೧ರ ಜನವರಿ ೨೪ರಂದು ಅವರು ತೀರಿಕೊಂಡರು. ಓಡಿಹೋಗುವ ಮಕ್ಕಳೆಲ್ಲರೂ ಗಾಯಕರಾಗುವರೆಂದು ನಾನು ಹೇಳುತ್ತಿಲ್ಲ. ಆ ಮೂರು ವರ್ಷ ತಾಯಿತಂದೆಗಳಿಗೆ ಭಾರತರತ್ನದ ಸುದ್ದಿಯೇನೂ ಗೊತ್ತಿರಲಿಲ್ಲ. ಒಬ್ಬ ಹಟಮಾರಿ ಹುಡುಗನು ಮನೆಯಲ್ಲಿಲ್ಲವೆಂಬುದಷ್ಟೇ ಗೊತ್ತಿದ್ದಿತು.

ಇರಲಿ. ಈ ಸಲದ ಪಂಚಮಿಗೆ ನನ್ನ ಮಗನು ಹುಬ್ಬಳ್ಳಿಯಿಂದ ಸಂಸಾರ ಸಮೇತ ಬಂದಿದ್ದನು. ಅವನ ಮಗಳಿಗೆ ಎರಡು ವರ್ಷ. ಜೋಕಾಲಿಯಿಂದ ಇಳಿಸಿದರೆಂದು ಅವಳು ಅಂಗಳದ ನೆಲಕ್ಕೆ ಬಿದ್ದು ಒದ್ದಾಡಿದಳು. ಮಗನು ಏನೂ ಮಾತನಾಡದೆ, ಇಸ್ತ್ರಿಯ ಬಟ್ಟೆಯಲ್ಲಿಯೇ ಅವಳ ಹತ್ತಿರ ಮಣ್ಣಿನಲ್ಲಿ ಕುಳಿತುಕೊಂಡನು. ಅವಳು ಎದ್ದು ಕೊರಳಿಗೆ ತೊಡರಿಕೊಳ್ಳುವ ವರೆಗೆ ಕುಳಿತೇ ಇದ್ದನು. ಇದನ್ನು ಯಾರು ಅವನಿಗೆ ಕಲಿಸಿದರೋ ತಿಳಿಯದು, ನಾನಂತೂ ಅಲ್ಲ. ಅಂದು ರಾತ್ರಿ ಕಟ್ಟೆಯ ಮೇಲೆ ಕುಳಿತಾಗ, ಇಷ್ಟು ವರ್ಷ ಗಂಟಲಲ್ಲಿದ್ದ ಮಾತನ್ನು ಹೇಳಿಬಿಟ್ಟೆನು: ಆ ಕಿವಿಯ ಬೇನೆಯ ರಾತ್ರಿ ನಿನಗೆ ಹೊಡೆದದ್ದು ನನ್ನ ತಪ್ಪು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಿವೀದು ನನಗ ನೆನಪಿಲ್ಲಪ್ಪಾ. ಕಾಗದ ಎಲ್ಲಾ ಕೆಂಪಾಗಿದ್ದು ನೆನಪದ. ನನ್ನಿಂದ ಆ ಹುಡುಗರ ಮಾರ್ಕು ಹೋದವೇನೋ ಅಂತ ಭಾಳ ದಿನಾ ಹೆದರಿದ್ದೆ” ಎಂದನು.

ಇಪ್ಪತ್ತೆಂಟು ವರ್ಷ ನಾನು ನನ್ನ ಏಟನ್ನು ನೆನೆಯುತ್ತಿದ್ದೆನು, ಅವನು ತನ್ನ ತಪ್ಪನ್ನು ನೆನೆಯುತ್ತಿದ್ದನು. ಆ ಪತ್ರಿಕೆಗಳನ್ನು ನಾನು ಮರುದಿನವೇ ಓದಿ ಅಂಕ ಹಾಕಿದ್ದೆನೆಂದೂ, ಯಾರ ಅಂಕವೂ ಹೋಗಲಿಲ್ಲವೆಂದೂ ಅವನಿಗೆ ಈಗ ಹೇಳಿದೆನು.

ಆದುದರಿಂದ, ಅಮ್ಮಾ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನೀವು ಕೆಟ್ಟ ತಾಯಿಯಲ್ಲ. ಆದರೆ ಮಲಗಿದ ಕೂಸಿನ ಮುಂದೆ ಅಳುವದನ್ನು ಬಿಟ್ಟು, ಅದು ಎಚ್ಚತ್ತಾಗ ತೊಡೆಯ ಮೇಲೆ ಕೂಡಿಸಿಕೊಂಡು, ಹೊಡೆದದ್ದು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿರಿ. ಮೂರು ವರ್ಷದ ಕೂಸಿಗೆ ಏನು ತಿಳಿಯುವದೆನ್ನಬೇಡಿರಿ, ತಿಳಿಯುವದು. ಮುಂದಿನ ಸಂತೆಗೆ ಅವನಿಗೆ ಉಣಿಸಿ, ಒಂದು ನಿದ್ದೆ ಆದ ಮೇಲೆ ಕರೆದುಕೊಂಡು ಹೋಗಿರಿ; ಕೈಯಲ್ಲಿ ಹಿಡಿದುಕೊಳ್ಳಲು ಸಣ್ಣದೊಂದು ಚೀಲವನ್ನೂ ನಾಲ್ಕು ಬದನೆಕಾಯಿಗಳನ್ನೂ ಕೊಡಿರಿ. ಕೆಲಸವಿದ್ದ ಕೂಸು ಕಡಿಮೆ ಹೊರಳುವದು. ಆದಾಗ್ಯೂ ಹೊರಳಿದರೆ ನೀವೂ ಹತ್ತಿರದಲ್ಲಿ ಕುಳಿತುಬಿಡಿರಿ, ನೋಡುವವರು ನೋಡಲಿ. ಅತ್ತೆಯವರು ಹೇಗೂ ನಿಮ್ಮ ಪಕ್ಷದವರೇ ಇರುವರು. ಮಾವನವರಿಗೆ ಈ ಪುಟವನ್ನು ಓದಲು ಕೊಡಿರಿ. ಒಪ್ಪದಿದ್ದರೆ ನನಗೊಂದು ಪತ್ರ ಹಾಕಲಿ. ಬಹುಶಃ ನಾವಿಬ್ಬರೂ ಒಂದೇ ವಯಸ್ಸಿನವರಿದ್ದೇವು. ಬರುವ ತಿಂಗಳು ರೋಣಕ್ಕೆ ಬರುವದುಂಟು, ಭೆಟ್ಟಿಯಾಗಿ ಮಾತನಾಡಿದರೂ ಆದೀತು.